ಆ "1500ರ ಇಂಗ್ಲೆಂಡ್" ಮೆಸೇಜಿನಲ್ಲಿ ನಿಜ ಎಷ್ಟು?

ಪ್ರಶ್ನೆ: ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂದಿದೆ. 1500ರ ಕಾಲದ ಇಂಗ್ಲೆಂಡಿನಲ್ಲಿ ಜನ ವರ್ಷಕ್ಕೊಂದೇ ಸಲ, ಮೇ ತಿಂಗಳಲ್ಲಿ ಸ್ನಾನ ಮಾಡುತ್ತಿದ್ದರಂತೆ. ಅದಕ್ಕೇ ಜೂನ್‌ನಲ್ಲಿ ಮದುವೆಯಂತೆ, ಮೈವಾಸನೆ ಮುಚ್ಚಲು ಮದುಮಗಳ ಕೈಗೆ ಹೂವಂತೆ. ಕೊಳೆತ ಮಾಂಸದ ನಾತ ಅಡಗಿಸಲು ನಮ್ಮ ಕಡೆಯ ಮೆಣಸು ಬೇಕಾಯಿತಂತೆ. ನೀರು ಕೆಟ್ಟಿದ್ದರಿಂದ ಮಕ್ಕಳೂ ಬಿಯರ್ ಕುಡಿಯುತ್ತಿದ್ದರಂತೆ. ಎಂಟನೇ ಕ್ಲಾಸಿನ ಮಗಳು ಶಾಲೆಯ ಪ್ರಾಜೆಕ್ಟಿಗೆ ಇದನ್ನೇ ಬರೆಯುತ್ತೇನೆ ಅಂತ ಕೂತಿದ್ದಾಳೆ. ಬರೆಯಲು ಬಿಡಲಾ?

ಉತ್ತರ: ಹೀಗೇ ಬರೆಯಲು ಬಿಡಬೇಡಿ. ಆದರೆ ಆ ಮೆಸೇಜನ್ನು ಅಳಿಸಲೂ ಬೇಡಿ. ಅದರ ಒಂದೊಂದೇ ಸಾಲು ಹಿಡಿದು ನಿಜವಾ ಸುಳ್ಳಾ ಅಂತ ನೋಡುತ್ತಾ ಹೋದರೆ ಮಗಳಿಗೆ ಇನ್ನೂ ಒಳ್ಳೆಯ ಪ್ರಾಜೆಕ್ಟ್ ಸಿಗುತ್ತದೆ.

ಈ ಬರಹ ಹೊಸದಲ್ಲ. 1999ರ ಹೊತ್ತಿಗೇ ಇಂಗ್ಲಿಷಿನಲ್ಲಿ ಇಮೇಲ್ ಆಗಿ ಓಡಾಡುತ್ತಿತ್ತು. ಈಗ ಕನ್ನಡಕ್ಕೂ ಬಂದಿದೆ, ಅಷ್ಟೇ. ನಾನು ಇಂಗ್ಲೆಂಡಿನ ಜನಜೀವನದ ಇತಿಹಾಸ ಓದುತ್ತಾ, ಪಾಠ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಫೋನ್ ಹಿಡಿದುಕೊಂಡು ಬಂದು ಇದನ್ನು ತೋರಿಸುತ್ತಾನೆ. ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಈ ಕಥೆಗಳಲ್ಲಿ ಹಿಂದಿನ ಜನಕ್ಕೆ ಮೂಗೂ ಇಲ್ಲ, ಬುದ್ಧಿಯೂ ಇಲ್ಲ. ದಾಖಲೆ ತೆಗೆದು ನೋಡಿದರೆ ಸಿಗುವ ಜನ ಬೇರೆಯೇ. ಕಾಸಿಗೆ ಕಾಸು ಲೆಕ್ಕ ಹಾಕುವವರು, ಕೆಟ್ಟ ಮಾಲು ಕೊಟ್ಟವನನ್ನು ಬೀದಿಗೆಳೆದವರು. ಅದಕ್ಕೇ ಇಂಥ ಕಥೆ ಎದುರಾದಾಗ ನಾನು ಮೊದಲು ಎರಡು ಕಡೆ ನೋಡುತ್ತೇನೆ: ಆಗಿನ ಬೆಲೆ ಎಷ್ಟಿತ್ತು, ಆಗಿನ ಕೋರ್ಟು ಮತ್ತು ಚರ್ಚಿನ ಪುಸ್ತಕದಲ್ಲಿ ಏನು ಬರೆದಿದೆ.

ಮೆಣಸಿನಿಂದ ಶುರು ಮಾಡೋಣ. ಮೊದಲು ಸುಮ್ನೆ ಅಡುಗೆಮನೆಯ ಮಾತು. ಹಳಸಿದ ಸಾರಿಗೆ ಇನ್ನೊಂದು ಒಗ್ಗರಣೆ ಕೊಟ್ಟರೆ ಹಳಸಲು ವಾಸನೆ ಹೋಗುತ್ತದಾ? ಕೆಟ್ಟ ಮೀನಿಗೆ ಮುಷ್ಟಿ ಮೆಣಸಿನ ಪುಡಿ ಹಾಕಿದರೆ ತಿನ್ನೋಕಾಗುತ್ತದಾ? ತಿಂದರೂ ಹೊಟ್ಟೆ ಬಿಡುವುದಿಲ್ಲ. ಇದು ನಿಮಗೆ ಗೊತ್ತು, ಆ ಕಾಲದ ಇಂಗ್ಲೆಂಡಿನ ಗೃಹಿಣಿಗೂ ಗೊತ್ತಿತ್ತು.

ಈಗ ಬೆಲೆ. 1438ರ ಆಸುಪಾಸಿನಲ್ಲಿ ಲಂಡನ್‌ನಲ್ಲಿ ಒಂದು ಪೌಂಡ್ ಮೆಣಸಿಗೆ, ಅಂದರೆ ಸುಮಾರು 450 ಗ್ರಾಂಗೆ, ಹತ್ತಿರ ಹತ್ತಿರ 18 ಪೆನ್ನಿ. ಕೆಲಸ ಚೆನ್ನಾಗಿ ಬಲ್ಲ ಮೇಸ್ತ್ರಿಯ ದಿನಗೂಲಿ 8 ಪೆನ್ನಿ. ಎರಡು ದಿನ ದುಡಿದರೂ ಒಂದು ಪೌಂಡ್ ಮೆಣಸು ಬರುತ್ತಿರಲಿಲ್ಲ. ಮಾಂಸದ ಬೆಲೆ ಎಷ್ಟಿತ್ತು ಅಂತ ನೋಡಿ. 1378ರಲ್ಲಿ ಲಂಡನ್ ನಗರದ ಆಡಳಿತ ಅಡುಗೆ ಅಂಗಡಿಗಳಿಗೆ ಒಂದು ದರಪಟ್ಟಿ ಹೊರಡಿಸಿತ್ತು. ಸುಟ್ಟು ಬೇಯಿಸಿದ ಕೋಳಿ 4 ಪೆನ್ನಿ, ಹೆಬ್ಬಾತು 7 ಪೆನ್ನಿ, 10 ಮೊಟ್ಟೆಗೆ 1 ಪೆನ್ನಿ. ಎರಡರ ನಡುವೆ ಅರವತ್ತು ವರ್ಷದ ಅಂತರ ಇದೆ, ಆದರೂ ಅಂದಾಜು ಸಿಗುತ್ತದಲ್ವಾ? ಒಂದು ಪೌಂಡ್ ಮೆಣಸಿನ ದುಡ್ಡಿಗೆ ನಾಲ್ಕು ಬೆಂದ ಕೋಳಿ. ಅಷ್ಟು ದುಡ್ಡಿರುವವನು ಕೊಳೆತ ಮಾಂಸ ತಂದು ಅದರ ಮೇಲೆ ಮೆಣಸು ಸುರಿಯುವುದಿಲ್ಲ, ಹೊಸ ಕೋಳಿ ತರುತ್ತಾನೆ. ಒಂದು ಚಿಟಿಕೆ ಸಾಕಲ್ವಾ ಅಂತ ಮಗಳು ಕೇಳಬಹುದು. ರುಚಿಗೆ ಚಿಟಿಕೆ ಸಾಕು, ನಾತ ಮುಚ್ಚಲು ಸಾಕಾಗುವುದಿಲ್ಲ.

ಹಾಗಾದರೆ ಮಸಾಲೆ ಯಾರು ತಿನ್ನುತ್ತಿದ್ದರು? ದೊಡ್ಡ ಮನೆಯವರು. ಎರಡನೇ ರಿಚರ್ಡ್ ರಾಜನ ಅಡುಗೆಯವರು ಸುಮಾರು 1390ರಲ್ಲಿ ಬರೆಸಿದ ಪಾಕಗಳು ಇವತ್ತಿಗೂ ಉಳಿದಿವೆ. ಶುಂಠಿ, ದಾಲ್ಚಿನ್ನಿ, ಲವಂಗ, ಕೇಸರಿ, ಮೆಣಸು ಎಲ್ಲ ಅಲ್ಲಿವೆ. ಆದರೆ ತಾಜಾ ಮಾಂಸ ಬೇಕೆಂದಾಗ ಸಿಗುತ್ತಿದ್ದದ್ದೂ ಅದೇ ಅರಮನೆಗೇ. ಮಸಾಲೆ ಹಾಕಿದ್ದು ರುಚಿಗೆ, ಬಣ್ಣಕ್ಕೆ, ಮತ್ತೆ ಬಂದವರ ಮುಂದೆ ಸಿರಿ ತೋರಿಸಲು. ನಾವು ಮದುವೆ ಊಟದ ಪಾಯಸಕ್ಕೆ ಕೇಸರಿ, ಗೋಡಂಬಿ ಹಾಕುವ ಹಾಗೆ. ಬಡವರ ಮನೆಯ ಖಾರ ಹಿತ್ತಲಿನಲ್ಲೇ ಬೆಳೆಯುತ್ತಿತ್ತು: ಸಾಸಿವೆ, ಈರುಳ್ಳಿ, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು.

ಮಾಂಸ ಕೊಳೆಯುವ ತನಕ ಇಡುವ ಪರಿಸ್ಥಿತಿಯೇ ಕಮ್ಮಿ. ದನ, ಕುರಿ ನಡೆದುಕೊಂಡೇ ಲಂಡನ್‌ನ ಸ್ಮಿತ್‌ಫೀಲ್ಡ್ ಸಂತೆಗೆ ಬರುತ್ತಿದ್ದವು. ಕೋಳಿ ಹಿತ್ತಲಲ್ಲೇ ಓಡಾಡುತ್ತಿತ್ತು, ಬೇಕಾದ ದಿನ ಕೊಯ್ದರಾಯಿತು. ಚಳಿಗಾಲಕ್ಕೆ ಮೇವು ಸಾಲದಿದ್ದರೆ ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬದ ಹೊತ್ತಿಗೆ ಪ್ರಾಣಿ ಕಡಿದು, ಮಾಂಸಕ್ಕೆ ಉಪ್ಪು ಹಚ್ಚಿ ಹೊಗೆಯಲ್ಲಿ ನೇತು ಹಾಕುತ್ತಿದ್ದರು. ಕೆಡದಂತೆ ನೋಡಿಕೊಂಡಿದ್ದು ಉಪ್ಪು, ಮೆಣಸಲ್ಲ.

ಮೋಸ ಇರಲಿಲ್ಲವಾ? ಇತ್ತು. 1379ರ ಲಂಡನ್ ಕಟ್ಟಳೆಯೊಂದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಹಿಟ್ಟಿನೊಳಗೆ ಮಾಂಸ ತುಂಬಿ ಸುಡುವ ಕಡುಬಿನಂಗಡಿಯವರು ಬೇಡದ ಮಾಂಸ, ಕರುಳು, ಕೆಲವು ಸಲ ನಾರುವ ಮಾಂಸ ತುಂಬಿ ಜನರಿಗೆ ಮೋಸ ಮಾಡುತ್ತಿದ್ದಾರೆ, ದನದ ಮಾಂಸ ತುಂಬಿ ಜಿಂಕೆ ಮಾಂಸ ಅಂತ ಮಾರುತ್ತಿದ್ದಾರೆ, ಇನ್ನು ಮುಂದೆ ಹಾಗೆ ಮಾಡಿದರೆ ದಂಡ, ಜೈಲು. ಕೊಳೆತ ಮಾಂಸ ಮಾರಿ ಸಿಕ್ಕಿಬಿದ್ದವನನ್ನು ಕುತ್ತಿಗೆ, ಕೈ ಸಿಕ್ಕಿಸುವ ಮರದ ಚೌಕಟ್ಟಿನಲ್ಲಿ ಎಲ್ಲರೆದುರು ನಿಲ್ಲಿಸಿ, ಅವನ ಮೂಗಿನ ಕೆಳಗೇ ಆ ಮಾಂಸ ಸುಡುತ್ತಿದ್ದರು. 1364ರಲ್ಲಿ ಜಾನ್ ಪೆನ್‌ರೋಸ್ ಎಂಬ ವೈನ್ ವ್ಯಾಪಾರಿಗೆ ಕೊಟ್ಟ ಶಿಕ್ಷೆ ಇನ್ನೂ ಸ್ವಾರಸ್ಯ. ಕೆಟ್ಟ ವೈನ್ ಮಾರಿದ್ದ. ಅದೇ ವೈನ್ ಅವನಿಗೆ ಕುಡಿಸಿದರು, ಉಳಿದದ್ದನ್ನು ತಲೆಯ ಮೇಲೆ ಸುರಿದರು, ಇನ್ನು ಈ ನಗರದಲ್ಲಿ ಈ ವ್ಯಾಪಾರ ಮಾಡಕೂಡದು ಅಂದರು. ನಾತವೇ ತಿಳಿಯದ ಜನ ಇಷ್ಟು ಸಿಟ್ಟಾಗುತ್ತಾರಾ?

ಕೊಳೆತ ಮಾಂಸಕ್ಕೆ ಮೆಣಸು ಅನ್ನುವ ಈ ಕಥೆಗೆ ಬಲ ಬಂದದ್ದು 1939ರಲ್ಲಿ. ಇಂಗ್ಲಿಷರ ಆಹಾರದ ಚರಿತ್ರೆ ಕುರಿತು ಜ್ಯಾಕ್ ಡ್ರಮಂಡ್ ಮತ್ತು ಆ್ಯನ್ ವಿಲ್‌ಬ್ರಹಾಮ್ ಬರೆದ ಪುಸ್ತಕದಲ್ಲಿ ಈ ಮಾತು ಬಂತು. ಡ್ರಮಂಡ್ ದೊಡ್ಡ ವಿಜ್ಞಾನಿ. ಎರಡನೇ ಮಹಾಯುದ್ಧದ ರೇಷನ್ ಊಟದಲ್ಲಿ ಬ್ರಿಟನ್ನಿನ ಜನಕ್ಕೆ ಪೋಷಣೆ ಕಮ್ಮಿಯಾಗದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. ಅಂಥವರು ಬರೆದರು ಅಂತ ಆಮೇಲಿನವರು ಬೆಲೆಪಟ್ಟಿ ತೆಗೆದು ನೋಡದೆ ಹಾಗೇ ದಾಟಿಸಿಕೊಂಡು ಬಂದರು.

ನಮ್ಮ ಮೆಣಸಿನ ಪಾತ್ರ ಇದರಿಂದ ಚಿಕ್ಕದಾಗುವುದಿಲ್ಲ ಅನ್ನುವುದನ್ನು ಮಗಳಿಗೆ ಹೇಳಿ. 1180ರಲ್ಲೇ ಲಂಡನ್‌ನಲ್ಲಿ ಮೆಣಸಿನ ವ್ಯಾಪಾರಿಗಳದ್ದೇ ಒಂದು ಸಂಘ ಇತ್ತು. ಮುಂದೆ ಅದೇ ಗ್ರೋಸರ್‌ಗಳ ಸಂಘ ಆಯಿತು. ನಾವು ಇವತ್ತು ದಿನಸಿ ಅಂಗಡಿಗೆ ಹೇಳುವ ಇಂಗ್ಲಿಷ್ ಹೆಸರಿಗೂ ಅವರಿಗೂ ನಂಟಿದೆ. ಮೆಸೇಜ್ ಹೇಳುವ ಅದೇ ಶತಮಾನದಲ್ಲಿ ನಮ್ಮ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿ ಅಂತ. ಹೊನ್ನಾವರ, ಭಟ್ಕಳದ ಕಡೆಯಿಂದ ಹೊರಟ ಕಾಳುಮೆಣಸು ಕೈಯಿಂದ ಕೈಗೆ ದಾಟಿ, ಪ್ರತಿ ಕೈಯಲ್ಲೂ ಬೆಲೆ ಏರಿಸಿಕೊಂಡು ಯುರೋಪ್ ಮುಟ್ಟುತ್ತಿತ್ತು. ಕೊಳೆತದ್ದಕ್ಕೆ ಸುರಿಯುವ ವಸ್ತುವಿಗಾಗಿ ಯಾರೂ ಇಷ್ಟು ಸಮುದ್ರ ದಾಟುವುದಿಲ್ಲ.

ಇನ್ನು ನೀರು. ಇದರಲ್ಲಿ ಅರ್ಧ ನಿಜ ಇದೆ. ಏಲ್ ಅನ್ನುವ ಒಂದು ಬಗೆಯ ಬಿಯರ್ ಅಲ್ಲಿಯ ದಿನದ ಊಟದ ಭಾಗವೇ ಆಗಿತ್ತು. ಮೊಳಕೆ ಬರಿಸಿದ ಬಾರ್ಲಿಯಿಂದ ಮನೆಮನೆಯಲ್ಲಿ ಹೆಂಗಸರೇ ಮಾಡುತ್ತಿದ್ದರು. ಬಾರ್ಲಿಯಿಂದ ಗಟ್ಟಿ ರಸ ತೆಗೆದ ಮೇಲೆ ಅದಕ್ಕೇ ಮತ್ತೆ ನೀರು ಹೊಯ್ದು ತೆಗೆದ ತೆಳು ಏಲ್ ಮಕ್ಕಳಿಗೂ ಸಿಗುತ್ತಿತ್ತು. ಹೊಲದಲ್ಲಿ ದುಡಿಯುವವರಿಗೆ ಅದು ಅಂಬಲಿ ಇದ್ದ ಹಾಗೆ, ದಾಹಕ್ಕೂ ಆಯಿತು, ಹೊಟ್ಟೆಗೂ ಆಯಿತು. ಆದರೆ ನೀರು ಕುಡಿಯುತ್ತಲೇ ಇರಲಿಲ್ಲ ಅನ್ನುವುದು ಸುಳ್ಳು. 1237ರಲ್ಲಿ ಟೈಬರ್ನ್ ಕಡೆಯ ಒರತೆಗಳ ನೀರು ಲಂಡನ್ ನಗರಕ್ಕೆ ಸಿಕ್ಕಿತು. ಆಮೇಲೆ ಅದನ್ನು ಸೀಸದ ಕೊಳವೆಯಲ್ಲಿ ನಗರದ ನಡುವಿನ ಚೀಪ್‌ಸೈಡ್‌ಗೆ ತಂದು ದೊಡ್ಡ ತೊಟ್ಟಿ ಕಟ್ಟಿದರು. 1345ರಲ್ಲಿ ಒಂದು ದೂರು ಬಂತು. ಅನುಕೂಲಸ್ಥರಿಗೆ ಅಡುಗೆಗೆ, ಬಡವರಿಗೆ ಕುಡಿಯಲಿಕ್ಕೆ ಅಂತ ಕಟ್ಟಿದ ತೊಟ್ಟಿಯ ನೀರನ್ನು ಏಲ್ ಮಾಡುವವರೇ ಖಾಲಿ ಮಾಡುತ್ತಿದ್ದಾರೆ ಅಂತ. ಬಡವರಿಗೆ ಕುಡಿಯಲಿಕ್ಕೆ! ದಾಖಲೆಯಲ್ಲಿ ಹಾಗೇ ಇದೆ. ನನ್ನ ಮಟ್ಟಿಗೆ ಈ ಒಂದು ಸಾಲು ಸಾಕು.

ಮತ್ತೆ ಈ ಮಾತು ಹುಟ್ಟಿದ್ದೆಲ್ಲಿಂದ? ಆಗಿನ ವೈದ್ಯರ ಬರಹದಿಂದಲೂ ಇರಬಹುದು. ಆ್ಯಂಡ್ರೂ ಬೋರ್ಡ್ ಅನ್ನುವ ವೈದ್ಯ 1542ರಲ್ಲಿ ಬರೆದ ಪಥ್ಯದ ಪುಸ್ತಕದಲ್ಲಿ ಇಂಗ್ಲಿಷರಿಗೆ ಬರೀ ನೀರು ಒಳ್ಳೆಯದಲ್ಲ ಅಂದಿದ್ದಾನೆ. ಕಾರಣ ಹೊಲಸಲ್ಲ, ತಂಪು. ನೀರಿನ ಗುಣ ಶೀತ, ಜೀರ್ಣಶಕ್ತಿಗೆ ಆಗಿಬರುವುದಿಲ್ಲ ಅನ್ನುವ ಲೆಕ್ಕ. ಎಳನೀರು ಶೀತ, ಪಪ್ಪಾಯಿ ಉಷ್ಣ ಅಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಹರಿಯುವ ನೀರು ಅಂತ ದರ್ಜೆಯನ್ನೂ ಕೊಟ್ಟಿದ್ದಾನೆ. ಕುಡಿಯದ ನೀರಿಗೆ ದರ್ಜೆ ಯಾಕೆ ಬೇಕು?

ಸ್ನಾನಕ್ಕೆ ಬರೋಣ. ಬಿಸಿನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಕೂತು ಸ್ನಾನ ಮಾಡುವುದು ಅಪರೂಪ, ನಿಜ. ನೀರು ಹೊರಬೇಕು, ಸೌದೆ ಸುಡಬೇಕು. ಅದರ ಮೇಲೆ 16ನೇ ಶತಮಾನದಲ್ಲಿ ಬಿಸಿನೀರಿನಿಂದ ಚರ್ಮದ ರಂಧ್ರ ತೆರೆದು ರೋಗ ಒಳಗೆ ಹೋಗುತ್ತದೆ ಅನ್ನುವ ಹೆದರಿಕೆಯೂ ಇತ್ತು. ಆದರೆ ತೊಟ್ಟಿ ಸ್ನಾನ ಇಲ್ಲ ಅಂದರೆ ಮೈ ತೊಳೆಯುತ್ತಿರಲಿಲ್ಲ ಅಂತಲ್ಲ. ಬೆಳಿಗ್ಗೆ ಎದ್ದು ಕೈ, ಮುಖ ತೊಳೆಯುವುದು ರೂಢಿ. ಊಟಕ್ಕೆ ಮೊದಲು ಕೈ ತೊಳೆಯದಿದ್ದರೆ ಮರ್ಯಾದೆಗೇಡು. ದೊಡ್ಡ ಮನೆಯಲ್ಲಿ ಹೂಜಿ, ಬೋಗುಣಿ, ಟವೆಲ್ ಹಿಡಿದು ಒಬ್ಬ ನಿಲ್ಲುತ್ತಿದ್ದ. ಮೈಗೆ ಅಂಟಿದಂತೆ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆಯ ಒಳ ಅಂಗಿ ಹಾಕುತ್ತಿದ್ದರು. ಅದು ಬೆವರು, ಜಿಡ್ಡು ಹೀರಿಕೊಳ್ಳುತ್ತದೆ. ಮೇಲಿನ ಉಣ್ಣೆ ಬಟ್ಟೆ ಒಗೆಯುವುದು ಕಮ್ಮಿ, ಒಳ ಅಂಗಿಯನ್ನು ಬದಲಿಸಿ ಬದಲಿಸಿ ಮರದ ಬೂದಿಯ ನೀರಿನಲ್ಲಿ ಒಗೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಸೌಳುಮಣ್ಣಿನಲ್ಲಿ ಒಗೆಯುತ್ತಿದ್ದರಲ್ಲ, ಆ ಥರದ ಕೆಲಸ.

ಬೇಸಿಗೆಯಲ್ಲಿ ಹೊಳೆ ಇದ್ದೇ ಇತ್ತು. 1571ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಒಂದು ಆದೇಶ ಹೊರಡಿಸಿತು: ವಿದ್ಯಾರ್ಥಿಗಳು ಹೊಳೆ, ಕೆರೆ, ಹೊಂಡಕ್ಕೆ ಈಜಲು ಇಳಿಯಕೂಡದು, ಇಳಿದರೆ ಎಲ್ಲರೆದುರು ಚಾಟಿ ಏಟು. ನೀರು ಕಂಡರೆ ದೂರ ಓಡುವ ಹುಡುಗರಿಗೆ ಇಂಥ ಆದೇಶ ಬೇಕಾಗುವುದಿಲ್ಲ. ಅದೇ ಶತಮಾನದಲ್ಲಿ ಸಂಶಯದ ಸಾವುಗಳ ವಿಚಾರಣೆಯ ದಾಖಲೆಗಳಿವೆ. ಹೊಳೆಯಲ್ಲಿ ಮೈ ತೊಳೆಯಲು ಹೋಗಿ ಮುಳುಗಿದವರು, ಬಾವಿಯಿಂದ ನೀರು ಸೇದುವಾಗ ಕಾಲು ಜಾರಿದವರು ಅದರಲ್ಲಿ ಮತ್ತೆ ಮತ್ತೆ ಬರುತ್ತಾರೆ. ಓದುವಾಗ ಮನಸ್ಸು ಭಾರವಾಗುತ್ತದೆ. ಅವರ ದಿನಚರಿ ನಮಗೆ ಗೊತ್ತಾಗುವುದು ಅವರ ಕೊನೆಯ ದಿನದಿಂದ.

ಜೂನ್ ಮದುವೆಯ ಕಥೆ ನನಗೆ ತುಂಬಾ ಇಷ್ಟದ ವಿಷಯ. ಇದನ್ನು ಎಣಿಸಿಯೇ ನೋಡಬಹುದು. 1538ರಲ್ಲಿ ಎಂಟನೇ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿಗೂ ಆದೇಶ ಕೊಟ್ಟ, ಊರಿನ ನಾಮಕರಣ, ಮದುವೆ, ಸಾವು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು ಅಂತ. ಆ ಪುಸ್ತಕಗಳು ನೂರಾರು ಊರಿನಲ್ಲಿ ಉಳಿದಿವೆ. ಮದುವೆಯ ಪುಟ ತಿರುವಿದರೆ ಮಾರ್ಚ್ ಹೆಚ್ಚುಕಡಿಮೆ ಖಾಲಿ, ಯಾಕೆಂದರೆ ಈಸ್ಟರ್ ಮುಂಚಿನ ಉಪವಾಸದ ವಾರಗಳು. ಕ್ರಿಸ್‌ಮಸ್ ಮುಂಚಿನ ವಾರಗಳಲ್ಲೂ ಮದುವೆ ಇಲ್ಲ. ನಮ್ಮ ಆಷಾಢ, ಪಿತೃಪಕ್ಷ ನೆನಪಾಗುತ್ತದೆ ಅಲ್ವಾ? ಹಾಗಾದರೆ ಜಾಸ್ತಿ ಮದುವೆ ಯಾವಾಗ? ದವಸ ಬೆಳೆಯುವ ಸೀಮೆಯಲ್ಲಿ ಅಕ್ಟೋಬರ್, ನವೆಂಬರ್. ಕುರಿ ಸಾಕುವ ಸೀಮೆಯಲ್ಲಿ ಮರಿ ಹಾಕುವ ಕಾಲ ಮುಗಿದ ಮೇಲೆ, ಏಪ್ರಿಲ್‌ನಿಂದ ಜೂನ್. ಸ್ನಾನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೆಲಸ ಮುಗಿಯಬೇಕು, ಕೈಯಲ್ಲಿ ಕಾಸಿರಬೇಕು.

ಆ ಕಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಯ ಹುಡುಗ ಹುಡುಗಿಯರು ಹದಿಹರೆಯದಲ್ಲೇ ಬೇರೆ ರೈತರ ಮನೆಗೆ ವರ್ಷದ ಲೆಕ್ಕದಲ್ಲಿ ಸಂಬಳಕ್ಕೆ ಇರುತ್ತಿದ್ದರು. ಊಟ, ಮಲಗಲು ಜಾಗ ಅಲ್ಲೇ. ಹಲವು ಕಡೆ ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬಕ್ಕೆ ವರ್ಷ ಮುಗಿದು ಸಂಬಳ ಕೈಗೆ ಬರುತ್ತಿತ್ತು. ಅದನ್ನು ಕೂಡಿಟ್ಟು, ಸ್ವಂತ ಮನೆ ಹೂಡುವಷ್ಟಾದ ಮೇಲೇ ಮದುವೆ. 1600ರಿಂದ 1650ರ ನಡುವೆ ಹೆಣ್ಣಿಗೆ ಸರಾಸರಿ 26 ವರ್ಷ, ಗಂಡಿಗೆ 28. ಹನ್ನೆರಡಕ್ಕೇ ಮದುವೆ ಅನ್ನುವ ಮಾತು ಕೂಡ ಇಂಥ ಮೆಸೇಜುಗಳಲ್ಲಿ ಬರುತ್ತದೆ. ಅದು ಆಸ್ತಿಗಾಗಿ ಸಂಬಂಧ ಬೆಳೆಸುತ್ತಿದ್ದ ಕೆಲವು ದೊಡ್ಡ ಮನೆತನಗಳ ಕಥೆ. ಉಳಿದವರದಲ್ಲ. ಹೂವಿನ ಮಾತಿಗೆ ಬಂದರೆ, ಮದುವೆಯಲ್ಲಿ ಹಿಡಿಯುತ್ತಿದ್ದದ್ದು, ನೆಂಟರಿಗೆ ಹಂಚುತ್ತಿದ್ದದ್ದು ರೋಸ್‌ಮೇರಿ ಎಂಬ ಘಮಘಮ ಕಡ್ಡಿ. ನೆನಪಿನ ಗುರುತು ಅದು. ಶವದ ಜೊತೆಗೂ ಅದನ್ನೇ ಹಿಡಿದು ಹೋಗುತ್ತಿದ್ದರು.

ಮೆಸೇಜಿನ ಉಳಿದ ಸಾಲುಗಳನ್ನು ಬೇಗ ಮುಗಿಸುತ್ತೇನೆ. ಹುಲ್ಲಿನ ಮಾಡಿನ ಮೇಲೆ ಮಲಗಿದ ನಾಯಿ, ಬೆಕ್ಕು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ಇಂಗ್ಲಿಷಿನಲ್ಲಿ ನಾಯಿ ಬೆಕ್ಕುಗಳ ಮಳೆ ಅನ್ನುವ ಮಾತು ಬಂತು ಅಂತಿದ್ದರೆ ನಂಬಬೇಡಿ. ಆ ಮಾತಿನ ಹಳೆಯ ರೂಪಗಳು ಸಿಗುವುದೇ 1650ರ ಹೊತ್ತಿಗೆ. ಮಲೆನಾಡಿನ ಸೋಗೆ ಮಾಡು ನೋಡಿದವರಿಗೆ ಗೊತ್ತು, ಅಷ್ಟು ಇಳಿಜಾರಿನಲ್ಲಿ ನಾಯಿ ಹೋಗಿ ಮಲಗುವುದಿಲ್ಲ. ಕೊಳಕು ಸ್ನಾನದ ನೀರಿನ ಜೊತೆ ಮಗುವನ್ನೂ ಚೆಲ್ಲಿದರು ಅನ್ನುವ ಗಾದೆ ಇಂಗ್ಲೆಂಡಿನದೇ ಅಲ್ಲ, ಜರ್ಮನ್ ಭಾಷೆಯದು. 1512ರಲ್ಲಿ ಅಲ್ಲಿ ಅಚ್ಚಾಗಿದೆ. ಟೊಮ್ಯಾಟೊ ಹುಳಿಗೆ ತಟ್ಟೆಯ ಸೀಸ ಕರಗಿ ಜನ ಸತ್ತರು ಅನ್ನುವುದಂತೂ ಕಾಲಕ್ಕೇ ಹೊಂದುವುದಿಲ್ಲ. 16ನೇ ಶತಮಾನದ ಕೊನೆಯಲ್ಲೂ ಇಂಗ್ಲೆಂಡಿನಲ್ಲಿ ಟೊಮ್ಯಾಟೊ ಅಂದರೆ ಕೆಲವರ ತೋಟದ ವಿಚಿತ್ರ ಗಿಡ. ಬಡವರು ಉಣ್ಣುತ್ತಿದ್ದದ್ದು ಮರದ ಬಟ್ಟಲಿನಲ್ಲಿ.

ಹಾಗಾದರೆ ಆ ಬಟ್ಟಲಿನಲ್ಲಿ ಏನಿತ್ತು? ಪ್ರಾಜೆಕ್ಟಿನಲ್ಲಿ ಇದು ಇರಲೇಬೇಕು. ದಿನದ ಊಟ ಪಾಟೇಜ್. ಒಂದೇ ಮಡಕೆಯಲ್ಲಿ ಬಾರ್ಲಿ ಅಥವಾ ಓಟ್ಸ್, ಒಣ ಬಟಾಣಿ, ಎಲೆಕೋಸು, ಈರುಳ್ಳಿ ಹಾಕಿ ಬೇಯಿಸಿದ್ದು, ಇದ್ದರೆ ಒಂದು ತುಂಡು ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ. ಜೊತೆಗೆ ಗೋಧಿ, ರೈ ಬೆರೆಸಿದ ಕಂದು ಬ್ರೆಡ್. ಶುಕ್ರವಾರ, ಶನಿವಾರ, ಈಸ್ಟರ್ ಮುಂಚಿನ ವಾರಗಳಲ್ಲಿ ಮಾಂಸ ಇಲ್ಲ, ಮೀನು. ದೇಶ ಕ್ಯಾಥೊಲಿಕ್ ಪದ್ಧತಿ ಬಿಟ್ಟು ಪ್ರೊಟೆಸ್ಟಂಟ್ ಆದ ಮೇಲೂ ಮೀನಿನ ದಿನ ಹೋಗಲಿಲ್ಲ. 1563ರಲ್ಲಿ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಬುಧವಾರವನ್ನೂ ಮೀನಿನ ದಿನ ಮಾಡಿಸಿದ. ಮೀನುಗಾರರಿಗೆ ಕೆಲಸ ಇದ್ದರೆ ದೋಣಿ ಇರುತ್ತವೆ, ದೋಣಿ ಇದ್ದರೆ ಯುದ್ಧದ ಹೊತ್ತಿಗೆ ನಾವಿಕರು ಸಿಗುತ್ತಾರೆ ಅಂತ ಅವನ ಲೆಕ್ಕ.

ಹಬ್ಬಕ್ಕೆ ಫ್ರುಮೆಂಟಿ ಮಾಡುತ್ತಿದ್ದರು. ಗೋಧಿ ನೆನೆಸಿ, ಕುಟ್ಟಿ ಸಿಪ್ಪೆ ತೆಗೆದು, ಕಾಳು ಒಡೆಯುವ ತನಕ ಬೇಯಿಸಿ, ಹಾಲು ಹಾಕಿ ಗಟ್ಟಿ ಮಾಡುವುದು. ಸಿರಿವಂತರ ಮನೆಯಲ್ಲಿ ಮೊಟ್ಟೆಯ ಹಳದಿ, ಕೇಸರಿ ಸೇರಿಸಿ ಜಿಂಕೆ ಮಾಂಸದ ಜೊತೆ ಬಡಿಸುತ್ತಿದ್ದರು. ಉಪವಾಸದ ದಿನವಾದರೆ ಹಾಲಿನ ಬದಲು ಬಾದಾಮಿ ಹಾಲು. ನಾನು ಇದನ್ನು ಮೊದಲ ಸಲ ಮನೆಯಲ್ಲಿ ಮಾಡಿದಾಗ ಅಮ್ಮ ಒಂದು ಚಮಚ ಬಾಯಿಗಿಟ್ಟು, "ಇದು ಬೆಲ್ಲ ಹಾಕದ ಗೋಧಿ ಹುಗ್ಗಿ ಅಲ್ಲೇನು?" ಅಂದರು. ಹೌದು, ಹತ್ತಿರ ಹತ್ತಿರ ಅದೇ.

ಮಗಳ ಕೈಯಲ್ಲಿ ಇದನ್ನು ಮಾಡಿಸಿ. ಹುಗ್ಗಿಗೆ ಬಳಸುವ ಸಿಪ್ಪೆ ತೆಗೆದ ಗೋಧಿ ಒಂದು ಲೋಟ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಎರಡು ಲೋಟ ಹಾಲು ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಚಿಟಿಕೆ ಉಪ್ಪು, ನಾಲ್ಕು ಎಸಳು ಕೇಸರಿ ಸಾಕು. ಶಾಲೆಗೆ ಒಯ್ಯುವುದಾದರೆ ಸ್ವಲ್ಪ ತೆಳ್ಳಗೇ ಇರಲಿ, ಡಬ್ಬಿಯಲ್ಲಿ ಆರಿದರೆ ಮುದ್ದೆಯಾಗಿಬಿಡುತ್ತದೆ.